ಮೂರು ಹೆಲ್ಮೆಟ್, ಎರಡು ಸ್ಟೀಲ್ ಹಿಡಿಕೆ: ವಯಸ್ಸಿಗೆ ತಕ್ಕ ತಲೆರಕ್ಷಣೆಯ ಖರೀದಿ ವಿಮರ್ಶೆ

ನಮ್ಮ ಮನೆಗೆಂದು ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಕೊಂಡು ಬಳಸುತ್ತಿರುವ ಕೆಲವು ವಸ್ತುಗಳನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ: ಇಂಜಿನಿಯರಿಂಗ್ ಓದುತ್ತಿರುವ ಮಗನಿಗೆ ಮುಖವನ್ನು ಪೂರ್ತಿ ಮುಚ್ಚುವ ಹೆಲ್ಮೆಟ್, ಹೆಂಡತಿಗೆ ಮುಖ ತೆರೆದಿರುವ ಹೆಲ್ಮೆಟ್, ತಂಗಿಯ ಮಗಳಿಗೆ ಮಕ್ಕಳ ಹೆಲ್ಮೆಟ್, ಎಂಬತ್ತರ ಸಮೀಪದಲ್ಲಿರುವ ತಂದೆಯವರ ಬಚ್ಚಲಿಗೆ ಎರಡು ಸ್ಟೀಲ್ ಹಿಡಿಕೆಗಳು ಮತ್ತು ಒಂದು ಜಾರದ ಚಾಪೆ. ಹೆಲ್ಮೆಟ್ಟನ್ನೂ ಬಚ್ಚಲಿನ ಹಿಡಿಕೆಯನ್ನೂ ಒಂದೇ ಬರಹದಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಇವೆಲ್ಲವೂ ಕಾಯುವುದು ಮಿದುಳನ್ನೇ; ಯಾವ ವಯಸ್ಸಿನಲ್ಲಿ ಯಾವ ಕಡೆಯಿಂದ ಪೆಟ್ಟು ಬರುತ್ತದೆ ಎಂಬುದಷ್ಟೇ ಬೇರೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನಾನು ಬೆಲೆ ಮತ್ತು ಬಣ್ಣಕ್ಕಿಂತ ಮೊದಲು ಈ ವಯಸ್ಸಿನ ಲೆಕ್ಕವನ್ನು ಮುಂದಿಟ್ಟುಕೊಂಡೇ ಪಟ್ಟಿ ಮಾಡಿದ್ದೆ. ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಂಡಿಲ್ಲ. ಇದೇ ಬಗೆಯ ಸಾಮಾನು ಕೊಪ್ಪೀಕರ ರಸ್ತೆ, ದಾಜಿಬಾನ ಪೇಟೆಯ ಸುತ್ತಮುತ್ತ ಮತ್ತು ಧಾರವಾಡದ ಸುಭಾಷ ರಸ್ತೆಯ ಕಡೆ ಹುಡುಕಿದರೆ ಸಿಗುತ್ತದೆ. ಆದ್ದರಿಂದ ಅಂಗಡಿಗಿಂತ ವಸ್ತುವಿನ ಬಗ್ಗೆಯೇ ಹೆಚ್ಚು ಬರೆದಿದ್ದೇನೆ.

ಮೊದಲು ಆ ಲೆಕ್ಕ. ಮಿದುಳಿಗೆ ಪೆಟ್ಟಾಗುವ ಪ್ರಮಾಣವನ್ನು ವಯಸ್ಸಿನ ಉದ್ದಕ್ಕೂ ಹರಡಿ ನೋಡಿದರೆ ರೇಖೆ ಮೂರು ಕಡೆ ಮೇಲೇಳುತ್ತದೆ: ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ, ಹದಿಹರೆಯದ ಕೊನೆಯಿಂದ ಇಪ್ಪತ್ತರ ಮೊದಲರ್ಧದವರೆಗಿನ ಯುವಕರಲ್ಲಿ, ಅರವತ್ತೈದು ದಾಟಿದ ಹಿರಿಯರಲ್ಲಿ. ಮೊದಲನೆಯ ಮತ್ತು ಕೊನೆಯ ಏರಿಗೆ ಮುಖ್ಯ ಕಾರಣ ಬೀಳುವುದು. ನಡುವಿನ ಏರಿಗೆ ವಾಹನ. ನಮ್ಮ ದೇಶದಲ್ಲಿ ಈ ನಡುವಿನ ಏರೇ ಎಲ್ಲಕ್ಕಿಂತ ಎತ್ತರವಾಗಿ ಕಾಣುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ಕೊಟ್ಟು ಬಹುಕಾಲದಿಂದ ಉಲ್ಲೇಖವಾಗುತ್ತಿರುವ ಅಂದಾಜಿನಂತೆ, ಭಾರತದಲ್ಲಿ ಮಿದುಳಿಗಾಗುವ ಪೆಟ್ಟುಗಳಲ್ಲಿ ಶೇಕಡ 60ರಷ್ಟು ರಸ್ತೆ ಅಪಘಾತಗಳಿಂದ, ಶೇಕಡ 20ರಿಂದ 25ರಷ್ಟು ಬೀಳುವುದರಿಂದ, ಶೇಕಡ 10ರಷ್ಟು ಹೊಡೆದಾಟದಿಂದ ಆಗುತ್ತವೆ. ಜಗತ್ತಿನ ಒಟ್ಟು ಲೆಕ್ಕದಲ್ಲಿ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಬೀಳುವುದು ಮೊದಲು, ರಸ್ತೆ ಆಮೇಲೆ. 2016ರ ಜಾಗತಿಕ ಅಂದಾಜಿನಲ್ಲಿ ಒಂದೇ ವರ್ಷ ಸುಮಾರು 2.7 ಕೋಟಿ ಹೊಸ ಪ್ರಕರಣಗಳಿದ್ದವು, ಅಂದರೆ ಲಕ್ಷಕ್ಕೆ 369. ಜನಸಂಖ್ಯೆಯಲ್ಲಿ ಚಿಕ್ಕವರ, ಹಿರಿಯರ ಪಾಲಿನಲ್ಲಾದ ಬದಲಾವಣೆಯನ್ನು ಕಳೆದು ಲೆಕ್ಕ ಹಾಕಿದರೂ 1990ರಿಂದ 2016ರ ನಡುವೆ ಈ ಪ್ರಮಾಣ ಶೇಕಡ 3.6ರಷ್ಟು ಏರಿದೆ.

ಮಗನ ಹೆಲ್ಮೆಟ್ಟಿನಿಂದ ಆರಂಭಿಸುತ್ತೇನೆ, ಏಕೆಂದರೆ ನಮ್ಮ ಊರಿನ ರಸ್ತೆಗಳಲ್ಲಿ ಅತಿ ದೊಡ್ಡ ಅಪಾಯ ಅವನ ವಯಸ್ಸಿನವರದೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇಕಡ 66.5ರಷ್ಟು ಮಂದಿ 18ರಿಂದ 45ರೊಳಗಿನವರು. ಜನಸಂಖ್ಯೆಯಲ್ಲೂ ಈ ವಯಸ್ಸಿನವರೇ ಹೆಚ್ಚಿದ್ದಾರಲ್ಲ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ, ಅದು ಸರಿಯಾದ ಪ್ರಶ್ನೆಯೇ. ಆದರೆ ಸಾವಿನಲ್ಲಿ ಅವರ ಪಾಲು ಜನಸಂಖ್ಯೆಯಲ್ಲಿರುವ ಪಾಲಿಗಿಂತ ಬಹಳ ಮೇಲಿದೆ. ಅದೇ ವರ್ಷ ಹೆಲ್ಮೆಟ್ ಧರಿಸದೆ ಸತ್ತವರು 50,029. ಅವರಲ್ಲಿ 35,692 ಮಂದಿ ಗಾಡಿ ಓಡಿಸುತ್ತಿದ್ದವರು, 14,337 ಮಂದಿ ಹಿಂದೆ ಕುಳಿತವರು. ಕಾಲದ ದಿಕ್ಕಿನಲ್ಲಿ ನೋಡಿದರೂ ಸಮಾಧಾನವಿಲ್ಲ. 2019ರಲ್ಲಿ ರಸ್ತೆಯ ಸಾವುಗಳಲ್ಲಿ ದ್ವಿಚಕ್ರ ವಾಹನದವರ ಪಾಲು ಶೇಕಡ 37 ಇತ್ತು. 2022ರ ಹೊತ್ತಿಗೆ ಅದು ಶೇಕಡ 44ನ್ನು ದಾಟಿತ್ತು. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸಿನಲ್ಲಿ ಲಾರಿಗಳ ಪಕ್ಕದಲ್ಲೇ ಬೈಕ್ ಓಡಿಸುವ ಹುಡುಗರನ್ನು ದಿನವೂ ನೋಡುವ ನಮಗೆ ಈ ಏರಿಕೆ ಆಶ್ಚರ್ಯದ ಸಂಗತಿಯಲ್ಲ.

ಕೊಂಡದ್ದು ಪೂರ್ಣ ಮುಖದ ಹೆಲ್ಮೆಟ್, ಬೆಲೆ ಸುಮಾರು 1,600 ರೂಪಾಯಿ. ಬೆಳಗಾವಿಯಲ್ಲೇ ತಯಾರಾಗುವ ವೇಗಾ ಸೇರಿದಂತೆ ಹಲವು ಕಂಪನಿಗಳ ಮಾದರಿಗಳು ಈ ಬೆಲೆಯ ಆಸುಪಾಸಿನಲ್ಲಿವೆ. ಹೊರಚಿಪ್ಪು ಗಟ್ಟಿಯಾಗಿದ್ದರೆ ಸಾಕು ಎಂಬ ಭಾವನೆ ಕೊಳ್ಳುವವರಲ್ಲಿ ಬಲವಾಗಿದೆ, ಅನೇಕರು ಅಂಗಡಿಯಲ್ಲಿ ಹೆಲ್ಮೆಟ್ಟನ್ನು ಬೆರಳಿನಿಂದ ತಟ್ಟಿ ನೋಡಿ ತೃಪ್ತರಾಗುತ್ತಾರೆ. ನಿಜವಾದ ಕೆಲಸ ಮಾಡುವುದು ಒಳಗಿನ ಥರ್ಮಾಕೋಲ್ ಪದರ. ಚಿಪ್ಪು ಪೆಟ್ಟನ್ನು ಅಗಲವಾಗಿ ಹರಡುತ್ತದೆ. ಥರ್ಮಾಕೋಲ್ ಕುಸಿಯುತ್ತ ತಲೆ ನಿಲ್ಲಲು ಬೇಕಾದ ಸಮಯವನ್ನು ಕೆಲವೇ ಸಹಸ್ರಾಂಶ ಸೆಕೆಂಡುಗಳಷ್ಟು ಹಿಗ್ಗಿಸುತ್ತದೆ. ತಲೆಬುರುಡೆಯ ಒಳಗೆ ಮಿದುಳು ಬಡಿದುಕೊಳ್ಳುವ ರಭಸ ಕಡಿಮೆಯಾಗುವುದು ಆ ಅಲ್ಪ ಸಮಯದಲ್ಲೇ. ಹೀಗೆ ಒಮ್ಮೆ ಕುಸಿದ ಥರ್ಮಾಕೋಲ್ ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ಒಂದು ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಬದಲಿಸಲೇಬೇಕು. ಅಂಗಡಿಯಲ್ಲಿ ಒಳಬಟ್ಟೆಯನ್ನು ಕಳಚಿ ತೋರಿಸಲು ಕೇಳಿದೆ. ನಮ್ಮ ಮಾದರಿಯಲ್ಲಿ ಥರ್ಮಾಕೋಲ್ ಹಣೆಯಿಂದ ಹಿಂದಲೆಯವರೆಗೆ, ಕಿವಿಯ ಮೇಲ್ಭಾಗದವರೆಗೂ ಒಂದೇ ಸಮ ದಪ್ಪವಾಗಿತ್ತು, ಎಲ್ಲೂ ಬಿರುಕಿರಲಿಲ್ಲ. ಅದೇ ಸಾಲಿನಲ್ಲಿದ್ದ ಅಗ್ಗದ ಟೋಪಿ ಮಾದರಿಯ ಒಳಗೆ ಬರೀ ತೆಳುವಾದ ಸ್ಪಂಜು ಮತ್ತು ಬಟ್ಟೆ ಇದ್ದವು. "ಇದು ಹಗೂರ ಐತ್ರಿ, ತಲಿಗೆ ಭಾರ ಆಗೂದಿಲ್ರಿ" ಎಂದು ಅಂಗಡಿಯವರು ಅದನ್ನೂ ಮುಂದಿಟ್ಟರು; ಹಗುರವಾಗಿರುವುದಕ್ಕೆ ಕಾರಣ ಒಳಗೆ ಇರಬೇಕಾದದ್ದು ಇಲ್ಲದಿರುವುದು.

ಐಎಸ್‌ಐ ಮುದ್ರೆಯ ವಿಚಾರ. 2021ರ ಜೂನ್ 1ರಿಂದ ಐಎಸ್‌ಐ ಮುದ್ರೆ ಇಲ್ಲದ ದ್ವಿಚಕ್ರ ವಾಹನದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಮುದ್ರೆಯ ಮೇಲ್ಗಡೆ ಐಎಸ್ 4151 ಎಂಬ ಮಾನಕದ ಸಂಖ್ಯೆ, ಕೆಳಗಡೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ನಾನು ಅಂಗಡಿಯಲ್ಲೇ ನಿಂತು ಪರೀಕ್ಷಿಸಿದೆ, ಹೊಂದಿಕೆಯಾಯಿತು. ರಸ್ತೆ ಬದಿಯಲ್ಲಿ ಹಾಸಿಟ್ಟು ಮಾರುತ್ತಿದ್ದ ಹೆಲ್ಮೆಟ್‌ಗಳಲ್ಲಿ ಕೆಲವಕ್ಕೆ ಐಎಸ್‌ಐ ಎಂಬ ಸ್ಟಿಕರ್ ಮಾತ್ರ ಇತ್ತು, ಸಂಖ್ಯೆಯೇ ಇರಲಿಲ್ಲ. ಅವು ದಂಡ ತಪ್ಪಿಸಬಹುದು, ತಲೆ ಉಳಿಸಲಾರವು. ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಪ್ರಸಿದ್ಧ ಕಾಕ್ರೇನ್ ಪರಿಶೀಲನೆಯಲ್ಲಿ ಬೈಕ್ ಸವಾರರ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇಕಡ 42ರಷ್ಟು, ತಲೆಗಾಗುವ ಗಾಯದ ಅಪಾಯವನ್ನು ಶೇಕಡ 69ರಷ್ಟು ಇಳಿಸುತ್ತದೆ ಎಂದು ಕಂಡುಬಂದಿದೆ. ಸ್ಪಂಜಿನ ಟೋಪಿಗೆ ಈ ಅಂಕಿ ಸಲ್ಲುವುದಿಲ್ಲ.

ಅಳತೆಯ ಬಗ್ಗೆ ಒಂದು ಮಾತು. ಹೆಲ್ಮೆಟ್ ಹಾಕಿಕೊಂಡು ಪಟ್ಟಿ ಬಿಗಿದ ಮೇಲೆ ಹಿಂಭಾಗದ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿ ತಳ್ಳಬೇಕು. ಕಳಚಿ ಬಂದರೆ ಆ ಅಳತೆ ಬೇಡ. ಗದ್ದದ ಕೆಳಗೆ ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟೇ ಸಡಿಲವಿರಬೇಕು. ಮಗ ಮೊದಲು ಆರಿಸಿದ್ದು ಒಂದು ಅಳತೆ ದೊಡ್ಡದು, ಹಾಕಿ ತೆಗೆಯಲು ಸುಲಭವೆಂಬ ಕಾರಣಕ್ಕೆ. ಈ ಪರೀಕ್ಷೆಯಲ್ಲಿ ಅದು ಕಣ್ಣಿನ ಮೇಲೆ ಜಾರಿತು. ಚಿಕ್ಕದನ್ನು ಕೊಂಡೆವು, ಕೆನ್ನೆಯ ಮೆತ್ತೆ ಸ್ವಲ್ಪ ದಿನ ಬಿಗಿಯೆನಿಸಿ ಆಮೇಲೆ ಹೊಂದಿಕೊಂಡಿತು. ದೋಷಗಳೆಂದರೆ ಎರಡು. ಚೆನ್ನಮ್ಮ ವೃತ್ತದ ಸುತ್ತ ಕಾಮಗಾರಿಯ ಧೂಳಿನಲ್ಲಿ ಓಡಾಡಿ, ಒಣಬಟ್ಟೆಯಿಂದ ಒರೆಸಿದ್ದರಿಂದ ವೈಸರ್ ಮೇಲೆ ಬೇಗನೆ ಗೀರುಗಳು ಬಿದ್ದವು, ರಾತ್ರಿ ಎದುರಿನ ಗಾಡಿಗಳ ಬೆಳಕು ಆ ಗೀರುಗಳಲ್ಲಿ ಚದುರುತ್ತದೆ. ಬದಲಿ ವೈಸರ್ ಮುನ್ನೂರು ರೂಪಾಯಿಯೊಳಗೆ ಸಿಗುತ್ತದೆ, ನೀರು ಹಾಕಿ ತೊಳೆದರೆ ಹೆಚ್ಚು ಬಾಳುತ್ತದೆ. ಎರಡನೆಯದು ಬೇಸಿಗೆಯ ಸೆಕೆ. ಗಾಳಿ ಹೋಗಲು ಕಿಂಡಿಗಳಿದ್ದರೂ ಏಪ್ರಿಲ್ ಮಧ್ಯಾಹ್ನ ಅವು ಸಾಲುವುದಿಲ್ಲ. ಆದರೂ ಈ ಪಟ್ಟಿಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಲೆಬಾಳುವ ವಸ್ತುಗಳಲ್ಲಿ ಇದೂ ಒಂದು ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಹೆಂಡತಿಯ ತೆರೆದ ಮುಖದ ಹೆಲ್ಮೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಮಾರು 950 ರೂಪಾಯಿ, ಮುದ್ರೆ ಸರಿಯಾಗಿದೆ, ಥರ್ಮಾಕೋಲ್ ಇದೆ, ಗದ್ದಕ್ಕೆ ರಕ್ಷಣೆ ಇಲ್ಲ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕದಲ್ಲಿ 2016ರ ಜನವರಿಯಲ್ಲೇ ಆದೇಶವಾಗಿದೆ, ಮೇಲೆ ಹೇಳಿದ 14,337 ಸಾವುಗಳು ಹಿಂದೆ ಕುಳಿತವರವೇ. ಹೆಂಗಸರು ಕೊಳ್ಳುವಾಗ ಗಮನಿಸಬೇಕಾದ ಸಣ್ಣ ಸಂಗತಿಯೊಂದಿದೆ: ತುರುಬು ಕಟ್ಟಿಕೊಂಡು ಹೆಲ್ಮೆಟ್ ಹಾಕಿದರೆ ಅದು ಹಿಂದಿನಿಂದ ಎತ್ತಿದಂತಾಗಿ ಹಣೆ ತೆರೆದುಕೊಳ್ಳುತ್ತದೆ. ದಿನವೂ ಕೂದಲನ್ನು ಹೇಗೆ ಕಟ್ಟಿಕೊಳ್ಳುತ್ತಾರೋ ಹಾಗೆಯೇ ಕಟ್ಟಿಕೊಂಡು ಹೋಗಿ ಅಳತೆ ನೋಡುವುದು ಒಳ್ಳೆಯದು. ನನ್ನ ಹೆಂಡತಿ ಈಗ ಕೆಳಗೆ ಹೆರಳು ಹಾಕಿಕೊಂಡೇ ಗಾಡಿ ಹತ್ತುತ್ತಾರೆ.

ಮಕ್ಕಳ ಹೆಲ್ಮೆಟ್ಟಿನ ವಿಚಾರದಲ್ಲಿ ನಮ್ಮ ಮಾರುಕಟ್ಟೆ ನಿರಾಸೆ ಮೂಡಿಸುತ್ತದೆ. ದೇಹಕ್ಕೆ ಹೋಲಿಸಿದರೆ ಚಿಕ್ಕ ಮಕ್ಕಳ ತಲೆ ದೊಡ್ಡದು, ಕತ್ತಿನ ಸ್ನಾಯು ಬಲಿತಿರುವುದಿಲ್ಲ, ಬುರುಡೆ ತೆಳು. ಬಿದ್ದಾಗ ತಲೆಯೇ ಮುಂದಾಗಿ ಬೀಳುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಲ್ಲಿ ತಲೆಗೆ ಪೆಟ್ಟಾಗಿ ತುರ್ತು ಚಿಕಿತ್ಸಾ ಘಟಕಕ್ಕೆ ಬಂದ ನಾಲ್ಕು ವರ್ಷದೊಳಗಿನವರ ಪ್ರಮಾಣ 2007-08ರಲ್ಲಿ ಲಕ್ಷಕ್ಕೆ 1,374 ಇದ್ದದ್ದು 2009-10ರಲ್ಲಿ 2,194ಕ್ಕೆ ಏರಿತು. ಎರಡೇ ವರ್ಷದಲ್ಲಿ ಮಕ್ಕಳು ಅಷ್ಟೊಂದು ಹೆಚ್ಚು ಬೀಳಲು ಆರಂಭಿಸಿದರು ಎಂದು ಇದನ್ನು ಓದಬಾರದು. ಆ ವರ್ಷಗಳಲ್ಲಿ ಅಲ್ಲಿ ಸಣ್ಣ ಪೆಟ್ಟನ್ನೂ ಕಡೆಗಣಿಸಬಾರದು ಎಂಬ ಅರಿವು ಹಬ್ಬಿತ್ತು. ಆಟದಲ್ಲಿ ತಲೆಗೆ ಪೆಟ್ಟು ಬಿದ್ದ ಮಕ್ಕಳನ್ನು ವೈದ್ಯರ ಒಪ್ಪಿಗೆ ಇಲ್ಲದೆ ಮತ್ತೆ ಆಟಕ್ಕೆ ಇಳಿಸಬಾರದೆಂದು ವಾಷಿಂಗ್ಟನ್ ರಾಜ್ಯ 2009ರಲ್ಲಿ ಕಾನೂನನ್ನೇ ಮಾಡಿತು. ಪ್ರಮಾಣದ ಏರಿಕೆಯಲ್ಲಿ ಒಂದು ಭಾಗ ಹೆಚ್ಚು ಜನ ಆಸ್ಪತ್ರೆಗೆ ಬಂದದ್ದರಿಂದ ಆದದ್ದು. ನಮ್ಮ ಊರುಗಳಲ್ಲಿ ಸಿಟಿ ಸ್ಕ್ಯಾನ್ ಸುಲಭವಾಗಿ ಸಿಗತೊಡಗಿದ ಮೇಲಿನ ಅಂಕಿಗಳನ್ನೂ ಹೀಗೆಯೇ ಎಚ್ಚರದಿಂದ ಓದಬೇಕು.

ಕಾನೂನಿನ ಪ್ರಕಾರ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ ಜೊತೆಗೆ ಸವಾರರಿಗೆ ಕಟ್ಟುವ ಸುರಕ್ಷಾ ಪಟ್ಟಿಯೂ ಬೇಕು, ಗಾಡಿಯ ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರುವರಿ 15ರಿಂದ ಜಾರಿಯಲ್ಲಿದೆ. ಹುಬ್ಬಳ್ಳಿಯಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಆರೇಳು ವರ್ಷದವರ ಅಳತೆ ಇತ್ತು, ಅದಕ್ಕಿಂತ ಚಿಕ್ಕದನ್ನು "ಯಾರೂ ಕೇಳೂದಿಲ್ರಿ" ಎಂದು ತರಿಸಿಯೇ ಇರಲಿಲ್ಲ. ನಮ್ಮ ಹುಡುಗಿಗೆ ಐದು ವರ್ಷ. ಅಂಗಡಿಯಲ್ಲಿದ್ದ ಅತಿ ಚಿಕ್ಕದು ಅವಳ ತಲೆಯ ಮೇಲೆ ತಿರುಗುತ್ತಿತ್ತು. ಕೊನೆಗೆ ತರಿಸಿ ಕೊಡಲು ಒಪ್ಪಿದ ಅಂಗಡಿಯಲ್ಲಿ ಹಣ ಮುಂಗಡ ಕೊಟ್ಟು ಸುಮಾರು 1,100 ರೂಪಾಯಿಗೆ ಕೊಂಡೆವು. ಹಗುರವಾಗಿದೆ, ಬಕಲ್ ಅವಳೇ ಹಾಕಿಕೊಳ್ಳುವಷ್ಟು ಸುಲಭ, ಹಳದಿ ಬಣ್ಣವನ್ನು ಅವಳೇ ಆರಿಸಿಕೊಂಡಿದ್ದರಿಂದ ಹಾಕಿಕೊಳ್ಳಲು ಹಟ ಮಾಡುವುದಿಲ್ಲ. ಸುರಕ್ಷಾ ಪಟ್ಟಿಯೂ ಕೆಲವೇ ಕಡೆ ಸಿಗುತ್ತದೆ. ಬೇಕಿದ್ದವರು 30 ಕಿಲೋ ತೂಕ ತಡೆಯುವಂಥದ್ದನ್ನೇ ಕೇಳಬೇಕು, ನಿಯಮದಲ್ಲಿ ಹಾಗೆಯೇ ಇದೆ. ಗೋಕುಲ ರಸ್ತೆಯಲ್ಲಿ ಸಂಜೆ ಶಾಲೆ ಬಿಟ್ಟ ಹೊತ್ತಿಗೆ ಪೆಟ್ರೋಲ್ ಟ್ಯಾಂಕಿನ ಮೇಲೆ ಬರಿತಲೆಯ ಮಗುವನ್ನು ಕೂರಿಸಿ, ತಾನು ಮಾತ್ರ ಹೆಲ್ಮೆಟ್ ಹಾಕಿಕೊಂಡ ತಂದೆಯನ್ನು ಕಂಡಾಗಲೆಲ್ಲ ಮನಸ್ಸು ನೊಂದುಕೊಳ್ಳುತ್ತದೆ.

ಇನ್ನು ಬಚ್ಚಲಿನ ಹಿಡಿಕೆ. ಈ ವಿಮರ್ಶೆಯನ್ನು ಬರೆಯಲು ಕುಳಿತದ್ದೇ ಮುಖ್ಯವಾಗಿ ಇದಕ್ಕಾಗಿ. ರಸ್ತೆಗಳನ್ನೂ ವಾಹನಗಳನ್ನೂ ಸುಧಾರಿಸಿಕೊಂಡ ದೇಶಗಳಲ್ಲಿ ಕಳೆದ ಕೆಲವು ದಶಕಗಳಿಂದ ಮಿದುಳಿನ ಗಾಯ ಯುವಕರಿಂದ ವೃದ್ಧರ ಕಡೆ ಸರಿದಿದೆ. ಅಮೆರಿಕದಲ್ಲಿ ಇಂಥ ಗಾಯದಿಂದ ಆಸ್ಪತ್ರೆ ಸೇರಿದ 65 ದಾಟಿದವರ ಪ್ರಮಾಣ 2001-02ರಲ್ಲಿ ಲಕ್ಷಕ್ಕೆ 191.5 ಇದ್ದದ್ದು 2009-10ರಲ್ಲಿ 294ಕ್ಕೆ ಏರಿತು. ಅದೇ ಅವಧಿಯಲ್ಲಿ 45ರೊಳಗಿನವರಲ್ಲಿ ಅದು ಇಳಿಯಿತು. ಇತ್ತೀಚಿನ ಲೆಕ್ಕದಲ್ಲಿ ಅಲ್ಲಿ ಆಸ್ಪತ್ರೆ ಸೇರುವವರಲ್ಲಿ ಶೇಕಡ 32ರಷ್ಟು ಮಂದಿ 75 ದಾಟಿದವರು. ಯುರೋಪಿನಲ್ಲಿ 2014ರಿಂದ 2017ರವರೆಗೆ ನಡೆದ ಸೆಂಟರ್-ಟಿಬಿಐ ಎಂಬ ದೊಡ್ಡ ಅಧ್ಯಯನದಲ್ಲಿ ರೋಗಿಗಳ ಮಧ್ಯಾಂಕ ವಯಸ್ಸು 50 ಇತ್ತು, ಅಂದರೆ ಅರ್ಧದಷ್ಟು ಮಂದಿ ಅದಕ್ಕಿಂತ ಹಿರಿಯರು. ಶೇಕಡ 28ರಷ್ಟು ಮಂದಿ 65 ದಾಟಿದವರು. ಭಾರತದಲ್ಲಿ 2011ರ ಜನಗಣತಿಯಲ್ಲಿ 60 ದಾಟಿದವರು ಶೇಕಡ 8.6 ಇದ್ದರು, ಆ ಪಾಲು ಏರುತ್ತಲೇ ಇದೆ. ನಮ್ಮಲ್ಲಿ ರಸ್ತೆಯ ಏರು ಇಳಿಯುವ ಮೊದಲೇ ಮನೆಯೊಳಗಿನ ಏರು ಸೇರಿಕೊಳ್ಳುತ್ತಿದೆ. ಸಾರಿಗೆ ಸಚಿವಾಲಯದ ವರದಿ ಎಣಿಸುವುದು ರಸ್ತೆಯಲ್ಲಿ ಸತ್ತವರನ್ನು ಮಾತ್ರ. ಬಚ್ಚಲಿನಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡ ಅಜ್ಜ ಅದರೊಳಗೆ ಬರುವುದಿಲ್ಲ. ಹೀಗಾಗಿ ತಲೆರಕ್ಷಣೆ ಎಂದರೆ ಹೆಲ್ಮೆಟ್ ಎಂಬಲ್ಲಿಗೇ ನಮ್ಮ ಯೋಚನೆಯೂ ಖರ್ಚೂ ನಿಂತುಬಿಟ್ಟಿವೆ.

ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಅದಕ್ಕೂ ಬುರುಡೆಗೂ ನಡುವೆ ಹಾದುಹೋಗುವ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದಂತಾಗುತ್ತವೆ. ಯುವಕನಿಗೆ ಏನೂ ಆಗದಂಥ ಪೆಟ್ಟಿಗೂ ಅವು ಹರಿದು ರಕ್ತ ನಿಧಾನವಾಗಿ ಜಿನುಗಬಹುದು. ಹೃದಯದ ಕಾಯಿಲೆಗೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬಿದ್ದ ದಿನ ಚೆನ್ನಾಗಿಯೇ ಮಾತನಾಡಿದವರು ಎರಡು ಮೂರು ವಾರದ ಮೇಲೆ ತಲೆನೋವು, ಮಂಕು, ನಡಿಗೆಯಲ್ಲಿ ತೂರಾಟ ಎಂದು ಆಸ್ಪತ್ರೆ ಸೇರುವುದುಂಟು. ಅದನ್ನು ವಯಸ್ಸಿನ ಮರೆವು ಎಂದು ಮನೆಯವರು ತಳ್ಳಿಹಾಕಿದರೆ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ಇಷ್ಟು ತಿಳಿದ ಮೇಲೆ ಮನೆಯಲ್ಲಿ ಮೊದಲು ಸರಿಪಡಿಸಬೇಕಾದ ಜಾಗ ಬಚ್ಚಲೇ.

ನಮ್ಮದು ಹಳೆಯ ಮನೆ, ಬಚ್ಚಲಿಗೆ ಶಹಾಬಾದ್ ಫರಸಿ. ವರ್ಷಗಟ್ಟಲೆ ಸೋಪಿನ ನೀರು ಹರಿದು ನಡುವಿನ ಕಲ್ಲುಗಳು ನುಣುಪಾಗಿವೆ. ಕೊಂಡದ್ದು ಹದಿನೆಂಟು ಇಂಚಿನ, ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲ್ ಹಿಡಿಕೆಗಳು, ಒಂದಕ್ಕೆ ಸುಮಾರು 650 ರೂಪಾಯಿ. ಸಿಕ್ಕಿದ್ದು ನಲ್ಲಿ, ಬೇಸಿನ್ ಮಾರುವ ಸ್ಯಾನಿಟರಿ ಅಂಗಡಿಯಲ್ಲಿ. ಕೈಗೆ ಹಿಡಿತ ಸಿಗಲೆಂದು ಮೇಲ್ಮೈಯಲ್ಲಿ ಗೀರು ಹಾಕಿದ ಮಾದರಿಯನ್ನು ಆರಿಸಿದೆ, ನುಣುಪಾದದ್ದು ಒದ್ದೆ ಕೈಯಲ್ಲಿ ಜಾರುತ್ತದೆ. ಗೋಡೆಗೆ ಒತ್ತಿದರೆ ಹಿಡಿದುಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿಕೆಯೂ ಅಲ್ಲಿತ್ತು, ಬೆಲೆ ಅರ್ಧ, ಡ್ರಿಲ್ ಬೇಡ. ಅಂಗಡಿಯ ಟೈಲ್ಸ್ ಮೇಲೆ ಒತ್ತಿ ಎಳೆದು ತೋರಿಸಿದಾಗ ಗಟ್ಟಿಯಾಗಿಯೇ ಇತ್ತು. ಒರಟು ಗಿಲಾವಿನ ಗೋಡೆಯ ಮೇಲೆ ಅದು ನಿಲ್ಲುವುದೇ ಇಲ್ಲ, ನುಣುಪಾದ ಟೈಲ್ಸ್ ಮೇಲೂ ಒಳಗೆ ಗಾಳಿ ಸೇರಿದರೆ ಎಚ್ಚರಿಕೆ ಇಲ್ಲದೆ ಕಳಚುತ್ತದೆ. ಮುದುಕರು ಪೂರ್ತಿ ಭಾರ ಬಿಡುವ ಜಾಗದಲ್ಲಿ ಇಂಥದ್ದನ್ನು ದಯವಿಟ್ಟು ಹಾಕಬೇಡಿ.

ಹಿಡಿಕೆಯ ಗುಣ ಅರ್ಧ ಕೆಲಸ, ಕೂಡಿಸುವುದು ಇನ್ನರ್ಧ. ಹಿಡಿಕೆಯ ಜೊತೆ ಬರುವ ಚಿಕ್ಕ ಸ್ಕ್ರೂ ಮತ್ತು ಪ್ಲಾಸ್ಟಿಕ್ ಬೂಚುಗಳು ಟವೆಲ್ ತೂಗುಹಾಕಲು ಸಾಕು, ಮನುಷ್ಯನ ಭಾರಕ್ಕೆ ಸಾಲವು. ನಮ್ಮ ಗೌಂಡಿ ಗೋಡೆಯನ್ನು ಬೆರಳಿನಿಂದ ಬಡಿದು ನೋಡಿ, ಟೊಳ್ಳು ಸದ್ದು ಬಂದ ಗಿಲಾವಿನ ಭಾಗವನ್ನು ಬಿಟ್ಟು, ಗಟ್ಟಿ ಇಟ್ಟಿಗೆ ಸಿಗುವಲ್ಲಿ ಆಳವಾಗಿ ಕೊರೆದು ಕಬ್ಬಿಣದ ಆ್ಯಂಕರ್ ಬೋಲ್ಟ್ ಹಾಕಿದರು. ಎತ್ತರವನ್ನು ಅಳತೆಪಟ್ಟಿಯಿಂದ ನಿರ್ಧರಿಸದೆ ತಂದೆಯವರನ್ನೇ ಕರೆದು, ಸ್ಟೂಲಿನ ಮೇಲೆ ಕೂರಿಸಿ, "ಅಜ್ಜಾರ, ಏಳುವಾಗ ಕೈ ಎಲ್ಲಿ ಹೋಗತೈತಿ, ಅಲ್ಲಿ ಇಡ್ರಿ" ಎಂದರು. ಕೈ ಹೋದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ಅಲ್ಲೇ ಒಂದನ್ನು ಓರೆಯಾಗಿ ಕೂಡಿಸಿದರು; ಇನ್ನೊಂದನ್ನು ಬಾಗಿಲಿನ ಪಕ್ಕ, ಹೊಸ್ತಿಲು ದಾಟುವಾಗ ಹಿಡಿಯಲು, ನೇರವಾಗಿ. ಕೂಡಿಸಿದ ಮೇಲೆ ತಾವೇ ಜೋತುಬಿದ್ದು ತೋರಿಸಿದರು. ಕೂಲಿ 500 ರೂಪಾಯಿ. ಇಷ್ಟು ಗಮನವಿಟ್ಟು ಮಾಡಿದ ಕೆಲಸಕ್ಕೆ ಅದು ಕಡಿಮೆಯೇ.

ಬಳಕೆಯಲ್ಲಿ ಹಿಡಿಕೆಗಳ ಬಗ್ಗೆ ದೂರಿಲ್ಲ. ತಂದೆಯವರು ಮೊದಲು ಬೇಸರಪಟ್ಟುಕೊಂಡಿದ್ದರು, ಆಸ್ಪತ್ರೆಯಂತೆ ಕಾಣುತ್ತದೆ ಎಂದು. ಈಗ ಹೇಳದೆಯೇ ಹಿಡಿದುಕೊಳ್ಳುತ್ತಾರೆ. ಬೋಲ್ಟುಗಳನ್ನು ಆಗಾಗ ಪಾನಾ ಹಾಕಿ ಬಿಗಿ ನೋಡುತ್ತೇನೆ. ಚಾಪೆ ಮಾತ್ರ ಅಷ್ಟು ಹಿಡಿಸಲಿಲ್ಲ. 350 ರೂಪಾಯಿಯ ಆ ರಬ್ಬರ್ ಚಾಪೆಯ ಅಡಿಯ ಬಟ್ಟಲುಗಳು ಟೈಲ್ಸ್‌ಗೆಂದು ಮಾಡಿದವು; ಶಹಾಬಾದ್ ಕಲ್ಲಿನ ಮೇಲೆ ಅವು ಹಿಡಿಯುವುದಿಲ್ಲ, ಅಡಿಯಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ, ಅಂಚು ಮಡಚಿಕೊಂಡು ಕಾಲಿಗೆ ತೊಡರುತ್ತದೆ. ಅದನ್ನು ತೆಗೆದು, ಅದೇ ಗೌಂಡಿಯಿಂದ ನಡುವಿನ ಫರಸಿಗಳ ಮೇಲೆ ಉಳಿಯಿಂದ ಸಣ್ಣದಾಗಿ ಟಾಕಿ ಹಾಕಿಸಿ ಒರಟು ಮಾಡಿಸಿದ್ದೇವೆ, ಕಾಲು ಈಗ ಗಟ್ಟಿಯಾಗಿ ನಿಲ್ಲುತ್ತದೆ. ಟೈಲ್ಸ್ ನೆಲವಿರುವ ಮನೆಯವರು ಚಾಪೆ ಕೊಳ್ಳಬಹುದು, ದಿನವೂ ಎತ್ತಿ ಒಣಗಿಸುವುದಾದರೆ. ಕಲ್ಲಿನ ಬಚ್ಚಲಿನವರು ಆ ಹಣವನ್ನು ಟಾಕಿಗೆ ಕೊಡಲಿ, ಉಳಿದದ್ದರಲ್ಲಿ ಹಾಸಿಗೆಯಿಂದ ಬಚ್ಚಲಿನ ದಾರಿಗೆ ರಾತ್ರಿ ಪೂರ್ತಿ ಉರಿಯುವ ಒಂದು ಸಣ್ಣ ಎಲ್‌ಇಡಿ ದೀಪ ಹಾಕಿಸಲಿ.